ಮೂಲೆಯಲ್ಲಿ ನಿಂತವನು

ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಓದುತ್ತಿದ್ದೆ ಅಂದರೆ ಮುಖದ ಮುಂದೆ ಹಿಡಿದುಕೊಂಡಿದ್ದೆ. ಅರವತ್ತೈದು ದಾಟಿದ ಮೇಲೆ ಎರಡಕ್ಕೂ ಅಂಥಾ ವ್ಯತ್ಯಾಸವೇನೂ ಇರುವುದಿಲ್ಲ. ಅಷ್ಟರಲ್ಲಿ ನಮ್ಮವಳು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೆರಗಿನ ತುದಿ ಹಿಡಿದುಕೊಂಡು ಹೊರಗೆ ಬಂದಳು. ಸೆರಗು ಕಣ್ಣಿನ ಹತ್ತಿರ ಇತ್ತು. "ನೋಡಿದ್ರಾ ಆ ಸ್ಕೂಲ್ನೋರು ಮಾಡಿರೋ ಕೆಲ್ಸಾನ? ಕೂಸ್ನ ಮೂಲೇಲಿ ನಿಲ್ಸವ್ರಂತೆ!"

ಕೂಸು ಅಂದರೆ ನಮ್ಮ ಮಗಳ ಮಗ. ಅಮೆರಿಕದ ಟೆಕ್ಸಾಸ್‌ನಲ್ಲಿ, ಆಸ್ಟಿನ್ ಅನ್ನುವ ಊರಿನಲ್ಲಿದ್ದಾನೆ. ವಯಸ್ಸು ಹದಿನೈದು, ಎತ್ತರ ನನಗಿಂತ ಒಂದು ಗೇಣು ಹೆಚ್ಚು. ಅಜ್ಜಿಯರ ಅಳತೆಗೋಲೇ ಬೇರೆ, ಬಿಡಿ. ಮಗಳಿಗೆ ಫೋನು ಮಾಡಿ ವಿಚಾರಿಸಿದಾಗ ಗೊತ್ತಾಯಿತು: ಹುಡುಗ ಸ್ಕೂಲಿನ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದಾನೆ, ಅವನ ಜಾಗ 'ಕಾರ್ನರ್‌ಬ್ಯಾಕ್'. ಅಜ್ಜಿಗೆ ಅರ್ಥವಾಗಲೆಂದು ಅವನು ತನಗೆ ಬರುವ ಕನ್ನಡದಲ್ಲಿ, "ಅಜ್ಜಿ, ನನ್ನನ್ನ ಮೂಲೆಯಲ್ಲಿ ಹಾಕಿದ್ದಾರೆ" ಅಂದಿದ್ದ. ಅನುವಾದದ ಅಪಾಯಗಳ ಬಗ್ಗೆ ವಿದ್ವಾಂಸರು ದೊಡ್ಡ ದೊಡ್ಡ ಪುಸ್ತಕ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಅದು ಒಂದೇ ವಾಕ್ಯದಲ್ಲಿ ಮುಗಿಯಿತು.

ಆದರೆ ಅವಳದೂ ತಪ್ಪೇನಲ್ಲ. ನಮ್ಮ ಕಾಲದಲ್ಲಿ ಮೂಲೆಗೆ ಹೋಗಿ ನಿಂತುಕೊಳ್ಳುವುದೆಂದರೆ ಏನಾಗಿತ್ತು? ಮಗ್ಗಿ ತಪ್ಪಿದವನು, ಪಕ್ಕದವನ ಜುಟ್ಟು ಎಳೆದವನು, ಬುತ್ತಿ ಕದ್ದವನು, ಇವರೆಲ್ಲ ಸೇರುತ್ತಿದ್ದ ಜಾಗ ಅದು. ನಾನು ಏಳರ ಮಗ್ಗಿಯ ದೆಸೆಯಿಂದ ಒಂದಿಡೀ ವರ್ಷ ಒಂದೇ ಮೂಲೆಯಲ್ಲಿ ಕಳೆದವನು. ಅಲ್ಲಿನ ಗೋಡೆಯ ಸುಣ್ಣ ಯಾವ್ಯಾವ ಆಕಾರದಲ್ಲಿ ಉದುರಿತ್ತು ಅನ್ನುವುದನ್ನು ಈಗಲೂ ಬರೆದು ತೋರಿಸಬಲ್ಲೆ. ಮಾತನ್ನೇ ನೋಡಿ: ಯಾರನ್ನಾದರೂ ಯಾರೂ ಕೇಳದಂತೆ ಮಾಡಿದರೆ 'ಮೂಲೆಗುಂಪು' ಮಾಡಿದರು ಅನ್ನುತ್ತೇವೆ. ಕಾಯಿಲೆ ಬಿದ್ದವನು 'ಮೂಲೆ ಹಿಡಿದ'. ಮುರಿದ ಕುರ್ಚಿ, ಕಿವಿ ಹೋದ ಬಾಣಲೆ, ನಿವೃತ್ತನಾದ ಗಂಡ, ಎಲ್ಲಕ್ಕೂ ಕೊನೆಗೆ ಮೂಲೆಯೇ ಗತಿ.

ಹಾಗಂತ ಮೂಲೆಗೆ ನಮ್ಮಲ್ಲಿ ಮರ್ಯಾದೆಯೇ ಇಲ್ಲ ಅನ್ನೋಣವೆಂದರೆ ಅದೂ ಆಗುವುದಿಲ್ಲ. ಮನೆ ಕಟ್ಟುವವನನ್ನು ಕೇಳಿ. ಈಶಾನ್ಯ ದೇವಮೂಲೆ, ಆಗ್ನೇಯ ಒಲೆಯ ಮೂಲೆ, ವಾಯವ್ಯ ವಾಯುಮೂಲೆ. ನೈಋತ್ಯವನ್ನು ಈಗ ಎಲ್ಲರೂ ಕುಬೇರ ಮೂಲೆ ಅನ್ನುತ್ತಾರೆ, ಬೀರುವನ್ನು ಅಲ್ಲಿಯೇ ಇಡಿಸುತ್ತಾರೆ. ಪುರಾಣದ ಪ್ರಕಾರ ಕುಬೇರ ಉತ್ತರ ದಿಕ್ಕಿನ ಒಡೆಯ. ನೈಋತ್ಯಕ್ಕೆ ನಿರೃತಿ ಅಂತ ಬೇರೆ ದಿಕ್ಪಾಲಕನೇ ಇದ್ದಾನೆ. ಪಾಪ, ಅವನ ವಾಹನ ಮನುಷ್ಯ. ಆನೆಯಲ್ಲ, ಜಿಂಕೆಯಲ್ಲ, ನಮ್ಮ ನಿಮ್ಮಂಥ ಒಬ್ಬ ಮನುಷ್ಯ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ ನೊಳಂಬರ ಕಾಲದ ಒಂದು ಛತ್ತು ಇದೆ. ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಕಿಗೆ ಎಂಟು ಜನ ಕಾವಲು. ಕತ್ತು ನೋಯುವವರೆಗೆ ನೋಡಿದೆ. ನೋಡಿದವರೆಲ್ಲ ಶಿವನ ಕಾಲ ಭಂಗಿಯನ್ನು ಹೊಗಳುತ್ತಿದ್ದರು. ಮೂಲೆಯವರ ಕಡೆ ನೋಡಿದವನು ನಾನೊಬ್ಬನೇ, ಅದೂ ಕತ್ತು ಉಳುಕಿ ಆ ಕಡೆ ತಿರುಗಿದ್ದರಿಂದ.

ಎಲ್ಲಿದ್ದೆ? ಹೌದು, ಮೂಲೆ. ಮೂಲೆಯ ವಿಷಯ ಮಾತಾಡುವ ಅಧಿಕಾರ ನಮಗಿಂತ ಇನ್ನಾರಿಗಿದೆ ಹೇಳಿ? ನಕ್ಷೆ ತೆಗೆದು ನೋಡಿ. ಕರ್ನಾಟಕದ ಆಗ್ನೇಯಕ್ಕೆ ಕೋಲಾರ ಜಿಲ್ಲೆ, ಜಿಲ್ಲೆಯ ಆ ತುದಿಗೆ ಬಂಗಾರಪೇಟೆ ತಾಲ್ಲೂಕು, ತಾಲ್ಲೂಕಿನ ಅಂಚಿಗೆ ನಮ್ಮೂರು ಕಾಮಸಮುದ್ರ. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ರಾಜ್ಯಕ್ಕೊಂದು ಅಡುಗೆಮನೆ ಇದ್ದರೆ ಅದು ನಮ್ಮಲ್ಲೇ ಇರಬೇಕಿತ್ತು. ಏಪ್ರಿಲ್ ತಿಂಗಳಲ್ಲಿ ಬಂದರೆ ಒಲೆ ಹಚ್ಚಿರುವುದೂ ಗೊತ್ತಾಗುತ್ತದೆ. ನಮ್ಮ ಊರಿನ ಹೆಸರು ಕೇಳಿ ಮೋಸ ಹೋದವರಿದ್ದಾರೆ. ಮಂಗಳೂರು ಕಡೆಯ ನೆಂಟರೊಬ್ಬರು ಮೊದಲ ಸಲ ಬಂದಾಗ, "ಸಮುದ್ರ ಯಾವ ಕಡೆ?" ಅಂತ ಕೇಳಿದ್ದರು. ನದಿಯೆಂಬ ನದಿ ನೆಟ್ಟಗಿಲ್ಲದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು ಅದಕ್ಕೆ ಸಮುದ್ರ ಅಂತ ಹೆಸರಿಟ್ಟರು. ಆಸೆಗೆ ಸುಂಕವೇ? ಬಂಗಾರಪೇಟೆಯದೂ ಅಂಥದೇ ಕತೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆ. ನಮ್ಮ ಜನ ಬೌರಿಂಗನ್ನು ಬಿಟ್ಟರು, ಬಂಗಾರ ಇಟ್ಟುಕೊಂಡರು. ಈಗ ಬಂಗಾರವೂ ಇಲ್ಲ, 2001ರ ಫೆಬ್ರವರಿ 28ಕ್ಕೆ ಪಕ್ಕದ ಕೆ.ಜಿ.ಎಫ್‌.ನ ಚಿನ್ನದ ಗಣಿ ಮುಚ್ಚಿತು, ಉಳಿದಿರುವುದು ಪಾನಿಪುರಿ. ಬಂಗಾರಪೇಟೆಯ ಪಾನಿಪುರಿ ತಿಂದಿದ್ದೀರಾ? ಪಾನಿ ನೋಡಿದರೆ ಬಾವಿ ನೀರಿನ ಹಾಗೆ ತಿಳಿಯಾಗಿರುತ್ತದೆ, ಬಾಯಿಗೆ ಬಿಟ್ಟರೆ ಕಿವಿಯಲ್ಲಿ ಹೊಗೆ.

ಆ ಭಾನುವಾರ ಸಾಯಂಕಾಲದ ಹೊತ್ತಿಗೆ ಎದುರುಮನೆಯ ಮೇಷ್ಟ್ರು ಬಂದು ಕೂತರು. ಅವರಿಗೆ ಯಾವ ವಿಷಯವನ್ನೂ ಬುಡದಿಂದ ಹೇಳಬೇಕು. ಫುಟ್‌ಬಾಲ್ ಅಂದೆ. "ಕಾಲಲ್ಲಿ ಆಡೋದು ತಾನೆ?" ಅಂದರು. ಇಲ್ಲ ಮೇಷ್ಟ್ರೆ, ಕೈಯಲ್ಲಿ. "ಚೆಂಡು ಗುಂಡಗೆ ತಾನೆ?" ಇಲ್ಲ, ಸಿಪ್ಪೆ ಸುಲಿದು ಎರಡೂ ತುದಿ ಚೂಪು ಮಾಡಿದ ತೆಂಗಿನಕಾಯಿ ಹಾಗೆ. "ಕೈಯಲ್ಲಿ ಆಡೋ ತೆಂಗಿನಕಾಯಿಗೆ ಫುಟ್‌ಬಾಲ್ ಅಂತ ಯಾಕಂತಾರೆ?" ಅಂದರು. ಸಮುದ್ರವಿಲ್ಲದ ಕಾಮಸಮುದ್ರದಲ್ಲಿ ಕೂತುಕೊಂಡು ಕೇಳುವ ಪ್ರಶ್ನೆಯೇ ಇದು?

ಆದರೂ ವಿವರಿಸಿದೆ. ನೂರು ಗಜದ ಬಯಲು. ಒಂದೊಂದು ಕಡೆಗೆ ಹನ್ನೊಂದು ಜನ. ಚೆಂಡು ಇರುವ ಪಕ್ಷಕ್ಕೆ ನಾಲ್ಕು ಸಲ ಅವಕಾಶ. ಆ ನಾಲ್ಕರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಒಂದೊಂದು ಸಲದ ಆಟ ನಾಲ್ಕೈದು ಸೆಕೆಂಡಿಗೆಲ್ಲ ಮುಗಿದು ಹೋಗುತ್ತದೆ. ಆಮೇಲೆ ಎಲ್ಲರೂ ತಲೆಗೆ ತಲೆ ಕೊಟ್ಟು ಗುಂಪುಕಟ್ಟಿ ಪಿಸುಗುಟ್ಟುತ್ತಾರೆ. ಈ ಪಿಸುಪಿಸು ಶುರುವಾದದ್ದು ವಾಷಿಂಗ್ಟನ್ನಿನ ಗ್ಯಾಲೊಡೆಟ್ ಅನ್ನುವ ಕಿವುಡರ ಕಾಲೇಜಿನಲ್ಲಂತೆ, 1890ರ ದಶಕದಲ್ಲಿ. ಅವರು ಕೈಸನ್ನೆಯಲ್ಲಿ ಮಾತಾಡುವಾಗ ಎದುರಾಳಿ ಕದ್ದು ನೋಡಬಾರದು ಅಂತ ಸುತ್ತುಗಟ್ಟಿ ನಿಂತರು. ಮಾತಾಡದವರು ಕಂಡುಹಿಡಿದ ಗುಟ್ಟನ್ನು ಮಾತಾಡುವವರು ಎತ್ತಿಕೊಂಡರು. ಮೇಷ್ಟ್ರಿಗೆ ಆಟದ ಮಿಕ್ಕ ಭಾಗ ಏನೇನೂ ಹಿಡಿಸಲಿಲ್ಲ, ಇದೊಂದು ಹಿಡಿಸಿತು. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಇದೇ ನಡೆಯುತ್ತದಲ್ಲ ಅಂದರು.

ಈಗ ಮೂಲೆಯವನ ಕೆಲಸಕ್ಕೆ ಬರೋಣ. ಚೆಂಡೆಸೆಯುವ ಪಕ್ಷದಲ್ಲಿ ಎರಡು ಅಂಚಿಗೂ ಓಟಗಾರರು ನಿಂತಿರುತ್ತಾರೆ, ಕುದುರೆಯಂಥವರು. ಓಡಿಹೋಗಿ ಚೆಂಡು ಹಿಡಿಯುವುದು ಅವರ ಕೆಲಸ. ಅವರೆದುರಿಗೆ ಒಬ್ಬೊಬ್ಬನನ್ನು ಕಾವಲಿಗೆ ಹಾಕುತ್ತಾರೆ, ಅವನೇ ಕಾರ್ನರ್‌ಬ್ಯಾಕ್. ಓಡುವವನಿಗೆ ತಾನು ಎಲ್ಲಿ ತಿರುಗುತ್ತೇನೆ ಅಂತ ಗೊತ್ತು. ಎಸೆಯುವವನಿಗೂ ಗೊತ್ತು. ಗೊತ್ತಿಲ್ಲದವನು ಕಾಯುವವನೊಬ್ಬನೇ. ಜೊತೆಗೆ ಅವನು ಶುರುವಿನಲ್ಲಿ ಹಿಂದುಮುಂದಾಗಿ ಓಡಬೇಕು. ಮುಖ ಎದುರಾಳಿಯ ಕಡೆ, ಕಾಲು ಬೆನ್ನಿನ ಕಡೆ. ಎದುರಿನವನು ಸೊಂಟ ತಿರುಗಿಸಿದ ಕ್ಷಣವೇ ಇವನೂ ತಿರುಗಬೇಕು. ಮುಖ ನೋಡಬಾರದಂತೆ, ಭುಜ ನೋಡಬಾರದಂತೆ, ಅವೆಲ್ಲ ಸುಳ್ಳು ಹೇಳುತ್ತವೆ, ಸೊಂಟ ನೋಡಬೇಕಂತೆ. ಮೊಮ್ಮಗ ಇದನ್ನು ಫೋನಿನಲ್ಲಿ ಹೇಳುತ್ತಿದ್ದಾಗ ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಇದೇ ಮಾತನ್ನು ಐವತ್ತು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪ ನನಗೆ ಹೇಳಿದ್ದರು. ತೆಲುಗು ಬೆರೆಸಿ ಹೇಳಿದ್ದರು, ಅಷ್ಟೇ ವ್ಯತ್ಯಾಸ.

ಚಿಕ್ಕಪ್ಪನ ವಿಷಯ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅವರು ಕೆ.ಜಿ.ಎಫ್‌.ನ ಚಾಂಪಿಯನ್ ರೀಫ್ ಗಣಿಯಲ್ಲಿ ಟಿಂಬರ್‌ಮನ್. ಚಿನ್ನ ಅಗೆಯುವವರು ಮುಂದೆ ಮುಂದೆ ಹೋದ ಹಾಗೆ ಹಿಂದಿನಿಂದ ತಲೆಯ ಮೇಲಿನ ಬಂಡೆಗೆ ಆಸರೆ ಕೊಟ್ಟುಕೊಂಡು ಬರುವ ಕೆಲಸ. ಮೂರು ಕಿಲೋಮೀಟರಿಗೂ ಕೆಳಕ್ಕೆ ಇಳಿದ ಗಣಿ ಅದು. ಅಷ್ಟು ಆಳದಲ್ಲಿ ಬಂಡೆ ಸುಮ್ಮನಿರುವುದಿಲ್ಲ, ಒತ್ತಡ ತಡೆಯದೆ ಸಿಡಿಯುತ್ತದೆ. ಗಣಿಯವರು ಅದಕ್ಕೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಮೇಲೆ ಕಾಲನಿ ಮನೆಗಳಲ್ಲಿ ಗೂಡಿನ ಪಾತ್ರೆಗಳು ಗಲಗಲ ಅಂದರೆ ಹೆಂಗಸರು ಒಲೆ ಬಿಟ್ಟು ಹೊರಗೆ ಬರುತ್ತಿದ್ದರು. ಚಿನ್ನ ಸಿಕ್ಕ ದಿನ ಅಗೆದವನ ಹೆಸರು ಕೇಳುತ್ತಿತ್ತು. ಟಿಂಬರ್‌ಮನ್ ಹೆಸರು ಕೇಳಿ ಬಂದರೆ ಅದು ಒಳ್ಳೆಯ ಸುದ್ದಿ ಆಗಿರುತ್ತಿರಲಿಲ್ಲ. ಫುಟ್‌ಬಾಲಿನಲ್ಲೂ ಅವರು 'ಬ್ಯಾಕು'. ಕಾಲಲ್ಲಿ ಆಡುವ ನಿಜವಾದ ಫುಟ್‌ಬಾಲ್. ಇಂಗ್ಲಿಷಿನವರು ಬಿಟ್ಟುಹೋದ ಹಳೆಯ ಲೆಕ್ಕದಲ್ಲಿ ಮುಂದೆ ಐದು ಜನ, ನಡುವೆ ಮೂರು ಹಾಫು, ಹಿಂದೆ ಎರಡು ಬ್ಯಾಕು. ಎರಡೇ ಜನ ನೋಡಿ! ಐದು ಜನ ದಾಳಿಗೆ, ತಡೆಯುವುದಕ್ಕೆ ಇಬ್ಬರು. ಆ ಕಾಲದ ಮನುಷ್ಯರಿಗೆ ಆತ್ಮವಿಶ್ವಾಸ ಜಾಸ್ತಿಯಿತ್ತೋ ಬುದ್ಧಿ ಕಡಿಮೆಯಿತ್ತೋ ಚಿಕ್ಕಪ್ಪನೂ ಹೇಳಲಿಲ್ಲ.

ರಜೆಯಲ್ಲಿ ಊರಿಗೆ ಬಂದರೆ ಅವರು ಫುಟ್‌ಬಾಲ್ ಬಿಟ್ಟು ಚೆಡುಗುಡುವಿಗೆ ಇಳಿಯುತ್ತಿದ್ದರು. ಚೆಡುಗುಡು ಅಂದರೆ ಕಬಡ್ಡಿ. ಪೇಪರಿನವರಿಗೆ, ಸರ್ಕಾರಕ್ಕೆ ಅದು ಕಬಡ್ಡಿ. ನಮ್ಮ ಬೀದಿಯಲ್ಲಿ ಚೆಡುಗುಡು. ಎರಡು ಹೊಲ ದಾಟಿ ತಮಿಳರ ಕಡೆ ಹೋದರೆ ಸಡುಗುಡು. ದಮ್ಮು ಒಂದೇ. ನನ್ನನ್ನು ಎಡಗಡೆಯ ಕೊನೆಗೆ ನಿಲ್ಲಿಸಿದವರು ಅವರೇ. ಏಳು ಜನ ಬಿಲ್ಲಿನ ಹಾಗೆ ಬಾಗಿ ನಿಂತರೆ ಎರಡು ತುದಿಯವರು ಕಾರ್ನರ್. ಬಂದವನು ಬೋನಸ್ ಗೆರೆಗೆ ಕಾಲು ಚಾಚುತ್ತಾನಲ್ಲ, ಆ ಕಾಲು ನೆಲ ಮುಟ್ಟಿ ಏಳುವುದರೊಳಗೆ ಹರಡು ಹಿಡಿಯಬೇಕು. ಅರ್ಧ ಕ್ಷಣ ಮೊದಲೇ ಬಗ್ಗಿದರೆ ತಲೆ ಮುಟ್ಟಿ ಹೋಗುತ್ತಾನೆ, ಅರ್ಧ ಕ್ಷಣ ತಡವಾದರೆ ಕೈಗೆ ಮಣ್ಣು. "ಮುಖ ಚೂಡಕುರಾ, ನಡುಮು ಚೂಡು" ಅನ್ನುತ್ತಿದ್ದರು ಚಿಕ್ಕಪ್ಪ. ಮುಖ ನೋಡಬೇಡ್ವೋ, ಸೊಂಟ ನೋಡು. ಆಸ್ಟಿನ್ನಿನ ಕೋಚಿಗೂ ನಮ್ಮ ಚಿಕ್ಕಪ್ಪನಿಗೂ ಯಾವ ಸಂಬಂಧವೂ ಇಲ್ಲ. ಸೊಂಟಕ್ಕೆ ಮಾತ್ರ ಸುಳ್ಳು ಹೇಳುವುದಕ್ಕೆ ಬರುವುದಿಲ್ಲ ಅನ್ನುವುದು ಇಬ್ಬರಿಗೂ ಹೇಗೋ ಗೊತ್ತಾಗಿತ್ತು.

ನಾನು ಒಳ್ಳೆಯ ಕಾರ್ನರ್ ಆಗಿದ್ದೆನೇ? ಕೇಳಬೇಡಿ. ಕೇಳಿದ್ದೀರಿ, ಹೇಳುತ್ತೇನೆ. ಒಂದು ಜಾತ್ರೆಯ ರಾತ್ರಿ, ಪೆಟ್ರೋಮ್ಯಾಕ್ಸ್ ಬೆಳಕು, ಸುತ್ತ ಮೂರು ಭಾಷೆಯ ಜನ ಮೂರು ಭಾಷೆಯಲ್ಲಿ ಬೈಯುತ್ತಿದ್ದಾರೆ. ಪಕ್ಕದ ಹಳ್ಳಿಯಿಂದ ಬಂದ ರೈಡರು ಎಮ್ಮೆಕರುವಿನಂಥ ಆಳು. ನನ್ನ ಕಡೆಗೇ ಬಂದ. ಸೊಂಟ ನೋಡಿದೆ, ತಿರುಗಿತು, ಹಾರಿದೆ, ಹಿಡಿದೆ. ಗಟ್ಟಿಯಾಗಿ ಹಿಡಿದೆ. ಜನ ಹೋ ಅಂದರು. ಕಣ್ಣು ಬಿಟ್ಟು ನೋಡಿದರೆ ನನ್ನ ಕೈಯಲ್ಲಿ ಒಂದು ನೀಲಿ ಚಡ್ಡಿ, ಚಡ್ಡಿಯ ಯಜಮಾನ ತನ್ನ ಅಂಗಳದಲ್ಲಿ. ಅಂಕ ಅವರಿಗೇ ಕೊಟ್ಟರು, ಮನುಷ್ಯ ಗೆರೆ ದಾಟಿದ್ದಾನೆ, ಬಟ್ಟೆಯ ವಿಚಾರ ನಿಯಮದಲ್ಲಿಲ್ಲ ಅಂತ. ಸೊಂಟವನ್ನೇ ನೋಡು ಅನ್ನುವ ಉಪದೇಶವನ್ನು ಸ್ವಲ್ಪ ಅತಿಯಾಗಿ ಪಾಲಿಸಿದ್ದೆ.

ಈಗ ಕಬಡ್ಡಿಗೆ ಮ್ಯಾಟು ಬಂದಿದೆ, ಟಿ.ವಿ. ಬಂದಿದೆ, ಮೂವತ್ತು ಸೆಕೆಂಡಿನ ಗಡಿಯಾರ ಬಂದಿದೆ. ಇರಾನಿನಿಂದ ಫಜಲ್ ಅತ್ರಾಚಲಿ ಬಂದು ಎಡಮೂಲೆಯಲ್ಲಿ ನಿಂತು, ಪ್ರೊ ಕಬಡ್ಡಿಯಲ್ಲಿ ಹಿಡಿತದ ಅಂಕ ಎಲ್ಲರಿಗಿಂತ ಹೆಚ್ಚು ಗಳಿಸಿ, ಸುಲ್ತಾನ್ ಅಂತ ಹೆಸರು ಮಾಡಿದ. ಒಪ್ಪೋಣ, ಮೂಲೆಯವನಿಗೂ ಬಿರುದು ಬಂತು. ಆದರೆ ಒಂದು ಪರೀಕ್ಷೆ ಕೊಡುತ್ತೇನೆ. 2019ರ ಜನವರಿ 5, ಮುಂಬೈ, ಫೈನಲ್. ನಮ್ಮ ಬೆಂಗಳೂರು ಬುಲ್ಸ್ ಗುಜರಾತನ್ನು 38-33ರಲ್ಲಿ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಇದು ನಮ್ಮೂರಿನ ಎರಡನೇ ಕ್ಲಾಸಿನ ಹುಡುಗನಿಗೂ ಬಾಯಿಪಾಠ. ಅವತ್ತು ಎರಡು ಮೂಲೆಯಲ್ಲಿ ನಿಂತವರು ಯಾರು? ಹೇಳಿ, ನಾನು ಕಾಯುತ್ತೇನೆ. ಮೇಷ್ಟ್ರೂ ಸೂರು ನೋಡುತ್ತಾ ಕೂತುಬಿಟ್ಟರು.

ರೈಡು ಅಂದಾಗ ಇನ್ನೊಂದು ನೆನಪಾಯಿತು. ನಮ್ಮ ಹೋಬಳಿಯಲ್ಲಿ ರೈಡು ಅಂದರೆ ಮೂರು ಥರ. ಒಂದು ಕಬಡ್ಡಿಯದು. ಎರಡನೆಯದು ಲೋಕಾಯುಕ್ತದವರದು, ಅದು ಹೆಚ್ಚಾಗಿ ಪೇಪರಿನಲ್ಲಿ ಆಗುತ್ತದೆ. ಮೂರನೆಯದು ಆನೆಗಳದು. ತಮಿಳುನಾಡಿನ ಕೃಷ್ಣಗಿರಿ ಕಡೆಯ ಕಾಡಿನಿಂದ, ಆಂಧ್ರದ ಕೌಂಡಿನ್ಯ ಅಭಯಾರಣ್ಯದಿಂದ ಗಡಿ ಗಿಡಿ ನೋಡದೆ ಬರುತ್ತವೆ. ರಾಗಿ ತೆನೆಗಟ್ಟಿದಾಗ, ಟೊಮೆಟೊ ಕೆಂಪಾದಾಗ, ಬಾಳೆ ಬಲಿತಾಗ ಅವುಗಳಿಗೆ ಯಾರು ಹೇಳುತ್ತಾರೋ! ಹೊಲದ ಮೂಲೆಯಲ್ಲಿ ನಾಲ್ಕು ಕಂಬ ನೆಟ್ಟು ಅಟ್ಟಣೆ ಕಟ್ಟಿ, ಒಬ್ಬ ಟಾರ್ಚು, ತಗಡಿನ ಡಬ್ಬ, ಪಟಾಕಿ ಇಟ್ಟುಕೊಂಡು ರಾತ್ರಿಯೆಲ್ಲ ಎದ್ದಿರಬೇಕು. ಅಟ್ಟಣೆಗೆ ಮಧ್ಯ ಹೊಲವನ್ನು ಯಾರೂ ಆರಿಸುವುದಿಲ್ಲ, ಮೂಲೆಯೇ. ಮನುಷ್ಯ ಹಿಂದುಮುಂದಾಗಿ ಓಡುವುದನ್ನು ನಾನು ಮೊದಲು ಕಂಡದ್ದು ಅಲ್ಲೇ. ಆನೆಗೆ ಬೆನ್ನು ತೋರಿಸುವುದಕ್ಕೂ ಧೈರ್ಯ ಬೇಕು, ಮುಖ ತೋರಿಸುವುದಕ್ಕೂ ಧೈರ್ಯ ಬೇಕು. ಎರಡೂ ಸಾಲದಾದಾಗ ಟಾರ್ಚು ಎದುರಿಗೆ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋಗುತ್ತಾರೆ. ನಮ್ಮ ಭಾವಮೈದುನ ಹಾಗೆ ಹೋಗಿ ಹೋಗಿ ತನ್ನದೇ ಹೊಲದ ಬಾವಿಕಟ್ಟೆಗೆ ಎಡವಿ ಕೂತ. ಆನೆ ಕೂಡ ಸ್ವಲ್ಪ ಹೊತ್ತು ನಿಂತು ನೋಡಿತಂತೆ, ಇವನಿಗೇನಾಯ್ತು ಅಂತ.

ಮೊಮ್ಮಗನ ದೆಸೆಯಿಂದ ನಾನು ಅಮೆರಿಕದ ಮೂಲೆಯವರ ಚರಿತ್ರೆಯನ್ನೂ ಒಂದಿಷ್ಟು ಓದಿಕೊಂಡೆ. ಅದರಲ್ಲಿ ಒಬ್ಬನನ್ನು ಬಿಡುವುದಕ್ಕಾಗುವುದಿಲ್ಲ. ಡಿಕ್ ಲೇನ್ ಅಂತ. ಹುಟ್ಟಿದ್ದು ಇದೇ ಆಸ್ಟಿನ್‌ನಲ್ಲಿ. ಮೂರು ತಿಂಗಳ ಮಗುವಾಗಿದ್ದಾಗ ಕಸದ ತೊಟ್ಟಿಯಲ್ಲಿ ಬಿಟ್ಟು ಹೋಗಿದ್ದರು. ಎಲ್ಲಾ ಲೇನ್ ಅನ್ನುವ ತಾಯಿ ಎತ್ತಿಕೊಂಡು ಸಾಕಿದಳು. ಸೈನ್ಯದಲ್ಲಿದ್ದು ಬಂದು ಲಾಸ್ ಏಂಜಲೀಸ್‌ನ ವಿಮಾನದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದವನು, ಬೇಸರವಾಗಿ, ತನ್ನ ಆಟದ ಪೇಪರ್ ತುಣುಕುಗಳನ್ನು ಅಂಟಿಸಿದ್ದ ಪುಸ್ತಕ ಹಿಡಿದುಕೊಂಡು ರ‍್ಯಾಮ್ಸ್ ತಂಡದ ಆಫೀಸಿಗೆ ಹೋಗಿ ನಿಂತ. ಚೆಂಡು ಹಿಡಿಯುವ ಜಾಗದಲ್ಲಿ ಆಗಲೇ ಘಟಾನುಘಟಿಗಳಿದ್ದರು, ಇವನನ್ನು ಕಾವಲಿಗೆ ಹಾಕಿದರು. ಅಂದರೆ ಮೂಲೆಗುಂಪು ಮಾಡಿದರು! ಆ ವರ್ಷ, 1952ರಲ್ಲಿ, ಹನ್ನೆರಡು ಪಂದ್ಯಗಳಲ್ಲಿ ಹದಿನಾಲ್ಕು ಸಲ ಎದುರಾಳಿಯ ಚೆಂಡನ್ನು ಗಾಳಿಯಲ್ಲೇ ಕಸಿದುಕೊಂಡ. ಈಗ ಒಂದು ಋತುವಿಗೆ ಹದಿನೇಳು ಪಂದ್ಯ ಆಡುತ್ತಾರೆ, ಆದರೂ ಆ ಹದಿನಾಲ್ಕನ್ನು ಯಾರೂ ಮುಟ್ಟಿಲ್ಲ.

ಅವನ ಅಡ್ಡಹೆಸರು 'ನೈಟ್ ಟ್ರೇನ್'. ಜೊತೆಗಾರನೊಬ್ಬ ಅದೇ ಹೆಸರಿನ ಹಾಡಿನ ತಟ್ಟೆಯನ್ನು ಮತ್ತೆ ಮತ್ತೆ ಹಾಕುತ್ತಿದ್ದನಂತೆ, ಅವನ ಹತ್ತಿರ ಹೋಗಿ ಹೋಗಿ ಇವನಿಗೆ ಅದೇ ಅಂಟಿಕೊಂಡಿತು. ರಾತ್ರಿ ರೈಲು! ನಮ್ಮೂರಿನವರಿಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಹೆಸರು ಇದೆಯೇ? ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಹಳಿ ಹಾಕಿದ್ದು 1864ರಲ್ಲಿ, ಅದೇ ಹಳಿಯ ಮೇಲೆ ನಮ್ಮ ಕಾಮಸಮುದ್ರ ಸ್ಟೇಷನ್ನು. ಮದ್ರಾಸಿನ ದೊಡ್ಡ ರೈಲುಗಳೆಲ್ಲ ರಾತ್ರಿ ನಮ್ಮೂರನ್ನು ಸೀಳಿಕೊಂಡು ಹೋಗುತ್ತವೆ. ನಿಲ್ಲುವುದಿಲ್ಲ, ನಿಂತರೆ ಅವಕ್ಕೆ ಅವಮಾನ. ಚಿಕ್ಕವನಿದ್ದಾಗ ಹಾಸಿಗೆಯಲ್ಲಿ ಮಲಗಿ ಆ ಸದ್ದು ಕೇಳುತ್ತಿದ್ದೆ: ದೂರದಲ್ಲಿ ಒಂದು ಗುನುಗು, ಹತ್ತಿರ ಬಂದು ಕಿಟಕಿ ನಡುಗಿಸಿ, ಮತ್ತೆ ಗುನುಗು. ಲೇನ್ ಎದುರಿಗೆ ಚೆಂಡು ಹಿಡಿದವರಿಗೂ ಹೀಗೇ ಆಗುತ್ತಿತ್ತಂತೆ, ಕೊನೆಯ ಗುನುಗು ಒಂದು ಬಿಟ್ಟು. ಕುತ್ತಿಗೆಗೆ ಕೈ ಹಾಕಿ ಕೆಡವುತ್ತಿದ್ದ. ಆಮೇಲೆ ಆ ಪಟ್ಟನ್ನೇ ನಿಷೇಧಿಸಿದರು.

ಮೂಲೆಯವನು ಚೆನ್ನಾಗಿ ಆಡಿದರೆ ನಿಯಮವನ್ನೇ ಬದಲಾಯಿಸುವುದು ಅಲ್ಲಿ ರೂಢಿ ಅಂತ ಕಾಣುತ್ತದೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೆಲ್ ಬ್ಲೌಂಟ್ ಅನ್ನುವವನು ಎದುರಿನ ಓಟಗಾರನನ್ನು ಬಯಲುದ್ದಕ್ಕೂ ಒರಸಿಕೊಂಡು ಹೋಗುತ್ತಿದ್ದ. 1978ರಲ್ಲಿ ಐದು ಗಜ ದಾಟಿದ ಮೇಲೆ ಮೈ ಮುಟ್ಟಬಾರದು ಅಂತ ಕಾನೂನು ತಂದರು. ಜನ ಅದನ್ನು ಅವನ ಹೆಸರಿನಿಂದಲೇ ಕರೆದರು. ನಮ್ಮವಳಿಗೆ ಹೇಳಿದೆ. "ಸೊಸೆ ಚೆನ್ನಾಗಿ ಅಡುಗೆ ಮಾಡಿದ್ರೆ ಅತ್ತೆ ಉಪ್ಪಿನ ಡಬ್ಬ ಎತ್ತಿಡ್ತಾಳಲ್ಲ, ಹಂಗೇ" ಅಂದಳು. ಯಾವ ಅತ್ತೆ ಅಂತ ನಾನು ಕೇಳಲಿಲ್ಲ. ಆ ಅತ್ತೆ ನನ್ನ ತಾಯಿ.

ಮೇಷ್ಟ್ರು ಎದ್ದು ಹೋಗುವಾಗ ಒಂದು ಮಾತು ಹೇಳಿದರು, ಅದು ನನ್ನ ತಲೆಯಲ್ಲಿ ಹುಳ ಬಿಟ್ಟಿತು. "ತಡೆಯೋರಿಗೆ ಯಾವನೂ ಕಲ್ಲು ನಿಲ್ಲಿಸಲ್ಲ ಬಿಡ್ರಿ." ಅಲ್ಲವಲ್ಲ ಮೇಷ್ಟ್ರೆ! ಕೋಲಾರ ಸೀಮೆಯಲ್ಲಿ ನಿಂತು ಈ ಮಾತೇ? ಬಿ.ಎಲ್. ರೈಸ್ ಸಾಹೇಬರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ತಂದರಲ್ಲ, ನಮ್ಮ ಜಿಲ್ಲೆಯ ಶಾಸನಗಳದು, ಅದನ್ನು ತೆರೆದರೆ ವೀರಗಲ್ಲಿನ ಮೇಲೆ ವೀರಗಲ್ಲು. ಗಂಗರು, ಬಾಣರು, ನೊಳಂಬರು ಈ ನೆಲಕ್ಕಾಗಿ ಕಿತ್ತಾಡಿದ ಕಾಲದವು. ಅವುಗಳಲ್ಲಿ ಎಷ್ಟೋ ತುರುಗೋಳಿನವು. ತುರುಗೋಳು ಅಂದರೆ ಏನು? ಪಕ್ಕದ ಸೀಮೆಯವರು ನುಗ್ಗಿ ಬಂದು ದನ ಹೊಡೆದುಕೊಂಡು ತಮ್ಮ ಗಡಿಗೆ ಓಡುವುದು. ಇವರು ಅಡ್ಡಗಟ್ಟಿ ದನ ತಿರುಗಿಸುವುದು. ಬಂದು, ಮುಟ್ಟಿ, ಗೆರೆ ದಾಟಿ ಓಡಬೇಕು, ದಾಟುವುದರೊಳಗೆ ಹಿಡಿಯಬೇಕು. ಇದು ಚೆಡುಗುಡು ಅಲ್ಲದೆ ಇನ್ನೇನು? ದನ ಹೊಡೆದುಕೊಂಡು ಹೋದ ಶೂರರ ಹೆಸರು ಯಾರಿಗೂ ಬೇಡವಾಯಿತು. ಅಡ್ಡ ನಿಂತು ಸತ್ತವನಿಗೆ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಹೊಡೆದಾಟ, ನಡುವಿನದರಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುವುದು, ಮೇಲಿನದರಲ್ಲಿ ಶಿವಲಿಂಗದ ಎದುರು ಆರಾಮವಾಗಿ ಕೂತಿರುವುದು. ಒಂದು ಪಂದ್ಯ, ಆಮೇಲೆ ಸನ್ಮಾನ, ಆಮೇಲೆ ನಿವೃತ್ತಿ. ಈ ಕಲ್ಲುಗಳು ಸಾಮಾನ್ಯವಾಗಿ ಎಲ್ಲಿವೆ ಗೊತ್ತೇ? ಹೊಲದ ಮೂಲೆಯಲ್ಲಿ. ಸುಮಾರು ಕಲ್ಲುಗಳ ಮೇಲೆ ಈಗ ಬಟ್ಟೆ ಒಗೆಯುತ್ತಾರೆ.

ಮನುಷ್ಯರ ಮಾತು ಬಿಡಿ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಾಯಿಗೇ ಕಲ್ಲು ನಿಲ್ಲಿಸಿದ್ದಾರೆ. ಕ್ರಿ.ಶ. 949-50ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ, ತಕ್ಕೋಲದ ಯುದ್ಧ, ಇಷ್ಟು ದೊಡ್ಡ ದೊಡ್ಡ ಸಂಗತಿಗಳೆಲ್ಲ ಆ ಕಲ್ಲಿನ ಮೇಲಿವೆ. ನಡುವೆ ಮಣಲೇರ ಅನ್ನುವ ವೀರ, ಅವನು ಮೆಚ್ಚಿ ಪಡೆದುಕೊಂಡ ಕಾಳಿ ಅನ್ನುವ ಬೇಟೆನಾಯಿ. ಕಾಳಿ ಒಂದು ಹಂದಿಯ ಮೇಲೆ ಬಿದ್ದಿತು, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿ, ಹಂದಿ ಇಬ್ಬರೂ ಇದ್ದಾರೆ. ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ ನೋಡಬಹುದು. ಒಂದು ಸಾಮ್ರಾಜ್ಯದ ಯುದ್ಧದ ವರದಿಗೆ ಒಂದು ನಾಯಿಯ ಕಲ್ಲೇ ಸಾಕ್ಷಿ ಹೇಳುತ್ತಿದೆ ಅಂದರೆ ನನಗೇನೋ ಖುಷಿ. ಕಾಳಿ ದಾಳಿಯ ಪಕ್ಷವೋ ಕಾವಲಿನ ಪಕ್ಷವೋ ಅಂತ ಮೇಷ್ಟ್ರು ವಾದಕ್ಕೆ ನಿಂತರು, ಗೇಟಿನ ಹತ್ತಿರ ಅರ್ಧ ಗಂಟೆ ಆಯಿತು. ಹಂದಿಯನ್ನು ಕೇಳಬೇಕಿತ್ತು.

ಅಂತೂ ಮೊಮ್ಮಗನ ಮೊದಲ ಪಂದ್ಯದ ದಿನ ಬಂತು. ಟೆಕ್ಸಾಸಿನಲ್ಲಿ ಸ್ಕೂಲು ಮಕ್ಕಳ ಫುಟ್‌ಬಾಲ್ ಅಂದರೆ ಶುಕ್ರವಾರ ರಾತ್ರಿ. ಊರಿಗೆ ಊರೇ ಹೋಗಿ ಕೂರುತ್ತದೆ, ನಮ್ಮಲ್ಲಿ ಜಾತ್ರೆಗೆ ಹೋದ ಹಾಗೆ. ಅಲ್ಲಿ ರಾತ್ರಿ ಏಳು ಅಂದರೆ ನಮಗೆ ಶನಿವಾರ ಬೆಳಗಿನ ಜಾವ ಐದೂವರೆ. ನಮ್ಮವಳು ನಾಲ್ಕಕ್ಕೇ ಎದ್ದು, ಸ್ನಾನ ಮಾಡಿ, ದೀಪ ಹಚ್ಚಿ, ಫೋನನ್ನು ತುಂಬಿದ ಕೊಡಕ್ಕೆ ಒರಗಿಸಿ ಕೂತಳು. ಮಗಳು ಅಲ್ಲಿಂದ ನೇರ ಪ್ರಸಾರದ ಕೊಂಡಿ ಕಳಿಸಿದ್ದಳು. ಇಪ್ಪತ್ತೆರಡು ಜನವೂ ತಲೆಗೆ ಕುಕ್ಕರಿನಂಥ ಟೊಪ್ಪಿ ಹಾಕಿಕೊಂಡಿದ್ದರೆ ಯಾರು ಯಾರು ಅಂತ ಹೇಗೆ ಗೊತ್ತಾಗಬೇಕು? ಅಂಗಿಯ ಮೇಲಿನ ನಂಬರು ಹಿಡಿದು ಹುಡುಕಿದೆವು. ಇದ್ದ, ಅಂಚಿನಲ್ಲಿ, ಒಬ್ಬನೇ, ಮೊಣಕಾಲು ಬಗ್ಗಿಸಿಕೊಂಡು. ಅಮೆರಿಕದವರು ಈ ಜಾಗಕ್ಕೆ ದ್ವೀಪ ಅಂತಲೂ ಅನ್ನುತ್ತಾರಂತೆ. ಡರೆಲ್ ರೀವಿಸ್ ಅನ್ನುವ ಆಟಗಾರ ನಿಂತ ಕಡೆಗೆ 'ರೀವಿಸ್ ದ್ವೀಪ' ಅಂತಲೇ ಹೆಸರಾಗಿತ್ತು, ಅಲ್ಲಿಗೆ ಹೋದ ಓಟಗಾರ ಮತ್ತೆ ಕಾಣುತ್ತಿರಲಿಲ್ಲವಂತೆ. ಸಮುದ್ರವಿಲ್ಲದ ಊರಿನವರಿಗೆ ದ್ವೀಪವಾದರೂ ಸಿಕ್ಕಿತಲ್ಲ ಅಂದುಕೊಂಡೆ.

ಪಂದ್ಯ ಎರಡೂವರೆ ಗಂಟೆ ನಡೆಯಿತು. ವಿವರಣೆ ಕೊಡುವವನು ಒಂದೇ ಸಮ ಅರಚುತ್ತಿದ್ದ. ಎಸೆದವನ ಹೆಸರು ಬಂತು, ಓಡಿದವನ ಹೆಸರು ಬಂತು, ಬಿದ್ದವನ ಹೆಸರು ಬಂತು, ವಾದ್ಯ ಊದುವ ಹುಡುಗರ ಮೇಳದ ಹೆಸರೂ ಬಂತು. ನಮ್ಮ ಹುಡುಗನ ಹೆಸರು ಒಂದೇ ಒಂದು ಸಲವೂ ಬರಲಿಲ್ಲ. ಅವನು ಹಿಂದಕ್ಕೆ ಓಡುತ್ತಿದ್ದ, ತಿರುಗುತ್ತಿದ್ದ, ಎದುರಿನವನಿಗೆ ಅಂಟಿಕೊಂಡಿರುತ್ತಿದ್ದ. ಎಸೆಯುವವನು ಈ ಕಡೆ ಒಮ್ಮೆ ನೋಡಿ ಚೆಂಡನ್ನು ಆ ಕಡೆಗೆ ಎಸೆಯುತ್ತಿದ್ದ. ಪ್ರತಿ ಸಲವೂ ಹಾಗೇ. ನನಗೆ ಹೊಟ್ಟೆಯೊಳಗೆ ಏನೋ ಅರಳಿದ ಹಾಗಾಯಿತು. ಹೊಗಳಿಕೆ ಅಂದರೆ ಇದೇ ಕಣೆ, ಇವನ ಕಡೆ ಎಸೆಯುವುದಕ್ಕೆ ಅವರಿಗೆ ಧೈರ್ಯವಿಲ್ಲ, ಹೆಸರು ಬರದಿದ್ದರೇ ಮೂಲೆಯವನು ಗೆದ್ದ ಅಂತ ಲೆಕ್ಕ, ಅಂತ ಬಿಡಿಸಿ ಬಿಡಿಸಿ ಹೇಳಿದೆ. ಟಿಂಬರ್‌ಮನ್ ಚಿಕ್ಕಪ್ಪನನ್ನೂ ನೆನಪಿಸಿದೆ. ಅವಳು ತಲೆ ಅಲ್ಲಾಡಿಸುತ್ತಾ ಕೇಳಿದಳು. ಪಂದ್ಯ ಮುಗಿದು ಹುಡುಗ ಟೊಪ್ಪಿ ತೆಗೆದು, ಬೆವರು ಸುರಿಸುತ್ತಾ, ಅಮ್ಮನ ಫೋನಿನಲ್ಲಿ ಮುಖ ತೋರಿಸಿದ. "ಅಜ್ಜಿ, ನೋಡಿದ್ಯಾ?"

"ನೋಡ್ದೆ ಕಣೋ ಕಂದಾ. ಎಷ್ಟೊತ್ತು ನಿಂತಿದ್ಯೋ ಪಾಪ! ಒಂದ್ಸಲಾನಾದ್ರೂ ನಿನ್ ಕಡೆ ಎಸೀಬಾರ್ದಾಗಿತ್ತಾ ಆ ಹುಡ್ಗ? ನಿಮ್ ಮೇಷ್ಟ್ರು ಪಕ್ಕದಲ್ಲಿದ್ರೆ ಫೋನ್ ಕೊಡು, ನಾನು ಒಂದ್ ಮಾತು ಕೇಳ್ಬೇಕು."